ನಮ್ಮ ಭಾವ ಸ್ಟ್ರೈಕರ್ ಅಲ್ಲ

ನನ್ನ ಗಂಡ ಒಂದು ಫುಟ್‌ಬಾಲ್ ಕ್ಲಬ್ಬಿನ ಕಾರು ಓಡಿಸುತ್ತಿದ್ದರು. ಊರಿನವರು ಅವರಿಗೆ ಇಟ್ಟ ಹೆಸರು ಮೌನಿ. ಹೊಸ ಆಟಗಾರನನ್ನು ವಿಮಾನ ನಿಲ್ದಾಣದಿಂದ ಕರೆತರುವುದು, ಸ್ಕ್ಯಾನ್ ಸೆಂಟರಿಗೆ ಒಯ್ದು ಮೈಕೈ ಪರೀಕ್ಷೆ ಮಾಡಿಸುವುದು, ಅಲ್ಲಿಂದ ಸಹಿ ಹಾಕಲು ಕಚೇರಿಗೆ ಬಿಡುವುದು, ಎಲ್ಲ ಅವರದೇ ಕೆಲಸ. ಊರಿಗೆಲ್ಲ ಬೇಕಾದ ಸುದ್ದಿ ಅವರ ಹಿಂದಿನ ಸೀಟಿನಲ್ಲಿ ಕೂತಿರುತ್ತಿತ್ತು. ಆದರೂ ಅವರು ಒಂದು ದಿನವೂ ತುಟಿ ಪಿಟಕ್ಕೆಂದವರಲ್ಲ. ಕಟ್ಟಿಕೊಂಡ ಹೆಂಡತಿ ನಾನು, ನನಗೂ ಯಾರು ಬಂದರೆಂಬುದು ಮರುದಿನದ ಪತ್ರಿಕೆ ನೋಡಿಯೇ ಗೊತ್ತಾಗಬೇಕಿತ್ತು. ಇದಕ್ಕಾಗಿ ನಾನು ಎಷ್ಟೋ ಸಲ ಜಗಳ ತೆಗೆದಿದ್ದೇನೆ. ಜಗಳಕ್ಕೂ ಅವರು ಬಾಯಿ ಬಿಡುತ್ತಿರಲಿಲ್ಲ, ಅದು ಇನ್ನಷ್ಟು ಉರಿಸುತ್ತಿತ್ತು.

ಅವರು ಹಾಗಾದದ್ದಕ್ಕೆ ಒಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಗೋಲ್‌ಕೀಪರನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಹೋಗಿದ್ದರಂತೆ. ಕ್ಲಬ್ಬಿನವರು ಅವನನ್ನು ಕೇಳದೆಯೇ ಬೇರೆ ಕ್ಲಬ್ಬಿಗೆ ಮಾರಿಬಿಟ್ಟಿದ್ದರು. ದಾರಿಯುದ್ದಕ್ಕೂ ಅಷ್ಟು ದೊಡ್ಡ ಆಳು ಮುಖ ಮುಚ್ಚಿಕೊಂಡು ಬಿಕ್ಕುತ್ತಿದ್ದನಂತೆ. ಅದನ್ನು ಯಾರಿಗೆ ಹೇಳುವುದು, ಹೇಳಿದರೆ ಅವನ ಮಾನ ಏನಾಗಬೇಕು ಎಂದು ಅಂದೇ ಬಾಯಿಗೆ ಬೀಗ ಹಾಕಿಕೊಂಡರು. ಅವರು ಬಾಯಿ ಮುಚ್ಚಿಕೊಂಡದ್ದು ಕ್ಲಬ್ಬಿನ ಮುಲಾಜಿಗಲ್ಲ, ಹಿಂದೆ ಕೂತವನ ಮುಲಾಜಿಗೆ. ಈ ವ್ಯತ್ಯಾಸ ಕ್ಲಬ್ಬಿನವರಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಫುಟ್‌ಬಾಲಿನ ಗೊಡವೆಯಿಲ್ಲದವರಿಗೆ ಒಂದು ಮಾತು. ಕ್ಲಬ್ಬುಗಳು ಮನಸ್ಸು ಬಂದಾಗಲೆಲ್ಲ ಆಟಗಾರರನ್ನು ಕೊಳ್ಳುವ ಹಾಗಿಲ್ಲ. ಬೇಸಿಗೆಯಲ್ಲೊಮ್ಮೆ, ಮತ್ತೆ ಚಳಿಗಾಲದಲ್ಲಿ ಹೊಸ ವರ್ಷ ಹುಟ್ಟಿದ ಮೇಲೆ ಒಂದು ತಿಂಗಳು ಅವಕಾಶ. ಅದಕ್ಕೆ ವಿಂಡೋ ಎನ್ನುತ್ತಾರೆ. ಆ ತಿಂಗಳಾದರೂ ವಾಸಿ, ಅದರ ಹಿಂದಿನ ವಾರಗಳೇ ತಲೆನೋವು. ನಡೆಯುವುದು ಏನೂ ಇರುವುದಿಲ್ಲ, ಆದ್ದರಿಂದ ಎಲ್ಲರೂ ರೈಲು ಬಿಡುತ್ತಾರೆ. ಬಸ್ಸಿನಲ್ಲಿ, ಕಟಿಂಗ್ ಶಾಪಿನಲ್ಲಿ, ಹಲ್ಲು ಕೀಳಿಸಿಕೊಳ್ಳಲು ಹೋದರೆ ಅಲ್ಲಿಯೂ ಅದೇ ಮಾತು. ಆ ಸಲವಂತೂ ನಮ್ಮ ಕ್ಲಬ್ಬು ಸೋತು ಸುಣ್ಣವಾಗಿತ್ತು. ಗೋಲು ಹೊಡೆಯುವವನೇ ಇಲ್ಲ, ಒಬ್ಬ ಸ್ಟ್ರೈಕರನ್ನು ತನ್ನಿ ಎಂದು ಅಭಿಮಾನಿಗಳು ಬಾಯಿ ಬಡಿದುಕೊಳ್ಳುತ್ತಿದ್ದರು.

ಹಾಗಾಗಿ ಎಲ್ಲರ ಕಣ್ಣು ನನ್ನ ಗಂಡನ ಕಾರಿನ ಮೇಲೆ. ಹಿಂದೊಮ್ಮೆ ನಾವು ಒಂದು ಹಾಸಿಗೆ ಕೊಂಡು, ಸುತ್ತಿ, ಮುಂದಿನ ಸೀಟಿನಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಬಂದಿದ್ದೆವು. ಅಂಗಡಿಯಿಂದ ಕಾರಿಗೆ ತರುವಾಗ ತುಂತುರಿಗೆ ನೆನೆಯದಿರಲೆಂದು ಅದರ ಮೇಲೆ ನನ್ನ ಶಾಲು ಹೊದಿಸಿದ್ದೆ. ಸಂಜೆಗೆ ಯಾರದೋ ಫೋನಿನಿಂದ ಸುದ್ದಿ ಹೊರಟಿತು: ಎತ್ತರದ ಡಿಫೆಂಡರ್ ಊರಿಗೆ ಬಂದಿಳಿದಿದ್ದಾನೆ, ಹಿಂದೆ ಕೂತ ಹೆಂಗಸು ಅವನ ಏಜೆಂಟ್. ಆ ಡಿಫೆಂಡರ್ ಮೇಲೆ ನಾವು ಇಂದಿಗೂ ಮಲಗುತ್ತಿದ್ದೇವೆ.

ಈಗ ಭಾವನ ವಿಷಯ. ಭಾವ ಎಂದರೆ ನನ್ನ ಗಂಡನ ಅಕ್ಕನ ಯಜಮಾನರು. ನಾನು ಅವರನ್ನು ಅಣ್ಣ ಎಂದು ಕರೆಯಬೇಕಾದವಳು, ಆದರೆ ಆ ದಿನಗಳಲ್ಲಿ ಮನೆಯಲ್ಲಿ ಭಾವ, ಭಾವ ಎಂದು ಕೇಳಿ ಕೇಳಿ ಇಲ್ಲಿಯೂ ಹಾಗೇ ಬರುತ್ತದೆ. ನಮ್ಮ ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾರದಷ್ಟು ಎತ್ತರ. ಕೆಲಸ ತಗಡಿನ ಚಾವಣಿ ಹಾಕುವುದು. ಗೋದಾಮು, ಕಾರ್ಖಾನೆ, ಬಸ್ ನಿಲ್ದಾಣ, ಎಷ್ಟೋ ಕಡೆ ಅವರ ಕೈ ಇದೆ. ಕ್ಲಬ್ಬಿನ ಸ್ಟೇಡಿಯಮ್ಮಿನ ಪೂರ್ವದ ಗ್ಯಾಲರಿಗೆ ಚಾವಣಿ ಹೊದಿಸಿದ ತಂಡದಲ್ಲೂ ಅವರಿದ್ದರು. ಏಣುಏಣಾದ ತಗಡಿನ ಮೇಲೆ ಮಂಡಿಯೂರಿ ಸ್ಕ್ರೂ ತಿರುಗಿಸಿ ತಿರುಗಿಸಿ, ಆ ಕೆಲಸ ಮುಗಿಯುವ ಹೊತ್ತಿಗೆ ಅವರ ಎಡಗಾಲಿನ ಮಂಡಿ ಊದಿಕೊಂಡು ಕೂತಿತು.

ಆಟಗಾರರಿಗೆ ಮಾತ್ರ ಚಳಿಗಾಲದ ವಿಂಡೋ ಇರುವುದು ಎಂದುಕೊಳ್ಳಬೇಡಿ. ಭಾವನ ಕಂಟ್ರಾಕ್ಟರ್ ಕೂಡ ವರ್ಷ ಬದಲಾಗುವಾಗಲೇ ತಂಡವನ್ನು ಹೊಸದಾಗಿ ಕಟ್ಟುತ್ತಿದ್ದರು. ಕಾಲು ನೋವು ಎಂದವನಿಗೆ ಆ ಹೊತ್ತಿನಲ್ಲಿ ಜಾಗವಿಲ್ಲ. ಭಾವ ನೋವು ನುಂಗಿಕೊಂಡು ಏಣಿ ಹತ್ತುತ್ತಿದ್ದರು. ನೋಡಲಾರದೆ ಅವರ ಹೆಂಡತಿ, ನನ್ನ ಅತ್ತಿಗೆ, ತಮ್ಮನ ಹತ್ತಿರ ಬಂದರು.

"ಯಾರಿಗೂ ಗೊತ್ತಾಗದ ಹಾಗೆ ಒಂದು ಸ್ಕ್ಯಾನ್ ಮಾಡಿಸಿಕೊಂಡು ಬಾರೋ. ಕಂಟ್ರಾಕ್ಟರ್ ಕಿವಿಗೆ ಬಿದ್ರೆ ಇವರನ್ನ ಮನೆಗೆ ಕಳಿಸ್ತಾರೆ," ಎಂದರು.

ಯಾರಿಗೂ ಗೊತ್ತಾಗದ ಹಾಗೆ ಜನರನ್ನು ಸ್ಕ್ಯಾನ್ ಸೆಂಟರಿಗೆ ಒಯ್ಯುವುದು ನನ್ನ ಗಂಡನಿಗೆ ಕರಗತವಾದ ವಿದ್ಯೆ. ಭಾವನಿಗೆ ಟೋಪಿ ಹಾಕಿಸಿ, ಕುತ್ತಿಗೆಗೆ ಮಫ್ಲರ್ ಸುತ್ತಿಸಿ, ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹಿಂಬಾಗಿಲಿನಿಂದ ಒಳಗೆ ಬಿಟ್ಟರು. ಪ್ರತಿ ಆಟಗಾರನನ್ನೂ ಹೀಗೆಯೇ ಬಿಡುತ್ತಿದ್ದರು. ತಪ್ಪಾದದ್ದು ಅಲ್ಲಿಯೇ. ಮುಂಬಾಗಿಲಿನಿಂದ ಎಲ್ಲ ರೋಗಿಗಳ ಹಾಗೆ ನಡೆಸಿಕೊಂಡು ಹೋಗಿದ್ದರೆ ಒಂದು ನೊಣವೂ ತಿರುಗಿ ನೋಡುತ್ತಿರಲಿಲ್ಲ.

ಮಧ್ಯಾಹ್ನದೊಳಗೆ ಫೋಟೊ ಊರು ಸುತ್ತಿತು. ಕ್ಲಬ್ಬಿನ ಕಾರು, ಹಿಂಬಾಗಿಲು, ಟೋಪಿ ಹಾಕಿದ ಎತ್ತರದ ಮನುಷ್ಯ. ಇನ್ನೇನು ಬೇಕು? ಹೊರದೇಶದಿಂದ ಸ್ಟ್ರೈಕರ್ ಬಂದೇಬಿಟ್ಟ ಎಂದರು. ಒಬ್ಬರು ಮೂರು ವರ್ಷದ ಒಪ್ಪಂದ ಎಂದು ಬರೆದರು, ಇನ್ನೊಬ್ಬರು ಅವನ ಹೆಂಡತಿಗೆ ಇಲ್ಲಿನ ಚಳಿ ಒಗ್ಗುವುದಿಲ್ಲವಂತೆ ಎಂದು ಬರೆದರು. ಅದನ್ನು ಓದಿ ಅತ್ತಿಗೆ, "ನನಗೆ ಯಾವ ಚಳಿ ಒಗ್ಗಲ್ಲ?" ಎಂದು ಕೇಳಿದರು. ಭಾವ ಮೊದಲ ದಿನ ಹೊಟ್ಟೆ ಹಿಡಿದುಕೊಂಡು ನಕ್ಕರು. ಚಾವಣಿಯ ಮೇಲೆ ಅವರ ಪಕ್ಕದಲ್ಲೇ ಕೂತು ಜೊತೆಯವರು ಆ ಫೋಟೊ ನೋಡಿ, ಇವನು ಕಾಲಿಟ್ಟರೆ ಗೋಲು ಎಂದು ಮಾತಾಡಿಕೊಳ್ಳುತ್ತಿದ್ದರಂತೆ.

ಎರಡು ದಿನಕ್ಕೆ ನಗು ನಿಂತಿತು. ಸ್ಕ್ಯಾನ್ ಸೆಂಟರಿನಿಂದ ಯಾರೋ ಬಾಯಿ ಬಿಟ್ಟಿದ್ದರು. ಎಡ ಮಂಡಿ ಹಾಳಾಗಿದೆ, ಆಪರೇಷನ್ ಆಗಬೇಕು, ಕೆಲವು ತಿಂಗಳು ಏಳುವ ಹಾಗಿಲ್ಲ ಎಂಬ ನಿಜವಾದ ಸುದ್ದಿ ಸುಳ್ಳು ಸುದ್ದಿಯ ಬಾಲ ಹಿಡಿದು ಹೊರಟಿತು. ಕುಂಟನನ್ನು ಕೊಳ್ಳುತ್ತಿದ್ದಾರೆ ಎಂದು ಅಭಿಮಾನಿಗಳು ರೇಗಿದರು. ಮುಖ ಕಾಣುವ ಫೋಟೊ ಯಾರು ಮೊದಲು ಹಾಕುತ್ತಾರೆಂದು ಪೈಪೋಟಿ ಶುರುವಾಯಿತು. ಕಾರು ಎಲ್ಲಿ ಹೋದರೂ ಹಿಂದೆ ಬೈಕುಗಳು.

ನನ್ನ ಗಂಡ ಕ್ಲಬ್ಬಿನ ಕಾರ್ಯದರ್ಶಿಯ ಬಳಿ ಹೋದರು. ಆ ಕಾರಿನಲ್ಲಿದ್ದವನು ಆಟಗಾರನಲ್ಲ ಎಂದು ಕ್ಲಬ್ಬು ಒಂದು ಸಾಲು ಹೇಳಿಬಿಡಲಿ, ಜನ ಸುಮ್ಮನಾಗುತ್ತಾರೆ ಎಂದು ಕೇಳಿಕೊಂಡರು. ಕಾರ್ಯದರ್ಶಿ ಒಪ್ಪಲಿಲ್ಲ. ಕ್ಲಬ್ಬು ಬೇರೆಲ್ಲೋ ಬೇರೊಬ್ಬನ ಜೊತೆ ಗುಟ್ಟಾಗಿ ಮಾತಾಡುತ್ತಿತ್ತು. ಎಲ್ಲರೂ ಭಾವನ ಮಂಡಿ ನೋಡುತ್ತಿರುವಷ್ಟು ದಿನ ಆ ಕಡೆ ಯಾರೂ ನೋಡುವುದಿಲ್ಲ.

"ವಿಂಡೋ ತೆರೆಯೋವರೆಗೂ ಸುಮ್ಮನಿರು. ಸುಮ್ಮನಿರೋದು ನಿನಗೇನು ಹೊಸದಾ?" ಎಂದರಂತೆ. ಹೊಸ ವರ್ಷಕ್ಕೆ ನಿನ್ನ ಕೆಲಸವೂ ಮುಂದುವರಿಯಬೇಕಲ್ಲ ಎಂದು ಒಂದು ಮಾತು ಸೇರಿಸಿದರಂತೆ.

ಇದನ್ನು ಅವರೇ ಮನೆಗೆ ಬಂದು ನನಗೆ ಹೇಳಿದರು. ಕ್ಲಬ್ಬಿನ ಒಳಗಿನ ಮಾತನ್ನು ನನ್ನೆದುರು ಆಡಿದ್ದು ಅದೇ ಮೊದಲು. ಇಷ್ಟು ವರ್ಷ ಬೇಡಿದ್ದು ಸಿಕ್ಕಿತಲ್ಲ ಎಂದು ಖುಷಿಪಡಬೇಕಿತ್ತು, ನನಗೆ ಭಯವಾಯಿತು.

ಮರುದಿನವೇ ಕೆಲಸ ಕೆಟ್ಟಿತು. ಭಾವ ತಮ್ಮ ಮನೆಯ ಬಾಗಿಲು ತೆರೆದು ಹಾಲಿನ ಪ್ಯಾಕೆಟ್ ಎತ್ತಿಕೊಳ್ಳುವಾಗ, ಕಾರಿನ ಬೆನ್ನುಹತ್ತಿ ಮನೆ ಪತ್ತೆಹಚ್ಚಿದ್ದ ಯಾರೋ ಫೋಟೊ ತೆಗೆದರು. ಟೋಪಿಯಿಲ್ಲ, ಮಫ್ಲರಿಲ್ಲ, ಬನಿಯನ್. ಅಭಿಮಾನಿಗಳಿಗೆ ಅದರಲ್ಲೂ ಸ್ಟ್ರೈಕರೇ ಕಂಡ. ಕಂಟ್ರಾಕ್ಟರ್‌ಗೆ ಮಾತ್ರ ತಮ್ಮ ಆಳು ಕಂಡ. ಮಂಡಿ ಹೋದವನು ಮೇಲೆ ಹತ್ತುವುದು ಬೇಡ, ಬಂದು ನಿನ್ನ ಸಾಮಾನು ತೆಗೆದುಕೊಂಡು ಹೋಗು ಎಂದು ಫೋನಿನಲ್ಲೇ ಹೇಳಿದರು.

ನಾವು ಹೋದಾಗ ಭಾವ ಗೋಡೆ ನೋಡುತ್ತ ಕೂತಿದ್ದರು. ಅತ್ತಿಗೆ ಕ್ಲಬ್ಬಿಗೆ ಬೈಯಲಿಲ್ಲ, ಕಂಟ್ರಾಕ್ಟರ್‌ಗೂ ಬೈಯಲಿಲ್ಲ. ತಮ್ಮನನ್ನು ತರಾಟೆಗೆ ತೆಗೆದುಕೊಂಡರು.

"ಕಾರಲ್ಲಿ ಕೂತೋರ ಮಾನ ಕಾಯ್ತೀನಿ ಅಂತೀಯಲ್ಲ. ಇವರೂ ನಿನ್ನ ಹಿಂದಿನ ಸೀಟಲ್ಲೇ ಕೂತಿದ್ದು. ಇವರದ್ದು ಮಾನ ಅಲ್ವಾ?"

ನನ್ನ ಗಂಡನ ದವಡೆ ಬಿಗಿಯಾದದ್ದನ್ನು ನಾನು ನೋಡಿದೆ. ಅಷ್ಟು ವರ್ಷದಲ್ಲಿ ಆ ಮುಖವನ್ನು ಓದುವುದಾದರೂ ಕಲಿತಿದ್ದೆ.

ಭಾನುವಾರ ನಮ್ಮೂರಿನಲ್ಲೇ ಪಂದ್ಯ. ಅವರು ಕ್ಲಬ್ಬಿನ ಕಾರನ್ನು ತೊಳೆದು, ಹಿಂದೆ ಭಾವನನ್ನೂ ಅತ್ತಿಗೆಯನ್ನೂ ಕೂರಿಸಿ, ನನ್ನನ್ನು ಮುಂದೆ ಕೂರಿಸಿಕೊಂಡು ಹೊರಟರು. ಹಿಂದಿನ ಗೇಟಿಗಲ್ಲ, ಸ್ಟೇಡಿಯಮ್ಮಿನ ಮುಂದಿನ ದೊಡ್ಡ ಗೇಟಿಗೆ. ಜನ ಜೇನುನೊಣದ ಹಾಗೆ ಮುತ್ತಿಕೊಂಡರು. ಅವರು ಇಳಿದು ಹಿಂದಿನ ಬಾಗಿಲು ತೆರೆದರು. ಭಾವ ಕೆಲಸದ ಬಟ್ಟೆಯಲ್ಲಿ, ಕಾರಿನ ಬಾಗಿಲು ಹಿಡಿದುಕೊಂಡು ನಿಧಾನವಾಗಿ ಇಳಿದರು.

"ಇವರು ನಮ್ಮ ಭಾವ. ಸ್ಟ್ರೈಕರ್ ಅಲ್ಲ. ಚಾವಣಿ ಕೆಲಸ ಮಾಡ್ತಾರೆ," ಎಂದರು ನನ್ನ ಗಂಡ.

ಎಲ್ಲರೂ ಗೊಳ್ಳೆಂದು ನಕ್ಕರು. "ಮೌನಿ ಬಾಯಿ ಬಿಟ್ಟು ಅಲ್ಲ ಅಂದ ಅಂದ್ರೆ ಗ್ಯಾರಂಟಿ ಆಯ್ತು ಬಿಡಪ್ಪ," ಎಂದು ಒಬ್ಬ ಕೂಗಿದ. ಕ್ಲಬ್ಬಿನವರು ಅಲ್ಲ ಎಂದರೆ ಹೌದು ಎಂದು ತಿಳಿಯುವುದು ಅಭಿಮಾನಿಗಳಿಗೆ ರೂಢಿಯಾಗಿಹೋಗಿದೆ. ಯಾರೋ ಒಂದು ಚೆಂಡನ್ನು ಭಾವನ ಕಡೆಗೆ ಉರುಳಿಸಿದರು. ಚೆಂಡು ಬಂದು ಅವರ ಕಾಲಿಗೆ ತಾಗಿ ನಿಂತಿತು. ಭಾವ ಅದನ್ನು ನೋಡಿದರು.

"ಕಾಲು ಎತ್ತೋಕಾಗಲ್ಲಪ್ಪಾ," ಎಂದರು.

ಅಷ್ಟು ಸಾಕಾಯಿತು. ಆಮೇಲೆ ನನ್ನ ಗಂಡನ ಗಂಟಲಿನಿಂದ ಬಂದ ಧ್ವನಿಯನ್ನು ನಾನು ಮದುವೆಯಾದಂದಿನಿಂದ ಕೇಳಿರಲಿಲ್ಲ.

"ಈ ಮಂಡಿ ಹೋಯ್ತು, ಈ ಮಂಡಿ ಹೋಯ್ತು ಅಂತ ಒಂದೇ ಸಮ ಬರೀತಿದ್ದೀರಲ್ಲ, ಎಲ್ಲಿ ಹೋಯ್ತು ಅಂತ ಒಬ್ಬರಾದ್ರೂ ಕೇಳಿದ್ರಾ? ಮೇಲೆ ನೋಡಿ. ಆ ಚಾವಣಿ ಮೇಲೆ ಹೋಯ್ತು. ಮಳೆ ಬಂದಾಗ ನೆನೀದೆ ಕೂತ್ಕೊಂಡು ಆಟಗಾರರಿಗೆ ಬೈತೀರಲ್ಲ, ಅದೇ ಚಾವಣಿ. ಈಗ ನಿಮ್ಮ ಫೋಟೊ ನೋಡಿ ಇವರ ಕೆಲಸನೂ ಹೋಯ್ತು. ಇವರು ಆಟಗಾರ ಅಲ್ಲ ಅಂತ ಕ್ಲಬ್ಬಿನವರಿಗೆ ಗೊತ್ತಿತ್ತು. ಒಂದು ಮಾತು ಹೇಳಿ ಅಂತ ಕೇಳಿದೆ. ಹೇಳಲಿಲ್ಲ. ಅದಕ್ಕೆ ನಾನು ಹೇಳ್ತಿದ್ದೀನಿ."

ಯಾರೂ ನಗಲಿಲ್ಲ. ಫೋನು ಎತ್ತಿ ಹಿಡಿದಿದ್ದವರು ಒಬ್ಬೊಬ್ಬರಾಗಿ ಕೈ ಇಳಿಸಿದರು. ಕ್ಲಬ್ಬಿನ ಮಫ್ಲರ್ ಹಾಕಿಕೊಂಡ ಮುದುಕರೊಬ್ಬರು ಮುಂದೆ ಬಂದು, "ಯಾವ ಕಡೆ ಹಾಕಿದ್ದು ನೀವು?" ಎಂದು ಭಾವನನ್ನು ಕೇಳಿದರು. ಭಾವ ಕೈ ಚಾಚಿ, ಆ ತುದಿಯಿಂದ ದೀಪದ ಕಂಬದವರೆಗೆ ಎಂದು ತೋರಿಸಿದರು. "ನಾನು ಅಲ್ಲೇ ಕೂರೋದು. ಒಂದು ಹನಿ ಸೋರಲ್ಲ," ಎಂದರು ಮುದುಕರು. ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ನನ್ನ ಗಂಡನ ಮೇಲೆ ಅಂದು ಹುಟ್ಟಿದ ಹೆಮ್ಮೆ ಇವತ್ತಿಗೂ ಕರಗಿಲ್ಲ.

ಪಂದ್ಯ ಮುಗಿಯುವ ಮೊದಲೇ ಕಾರ್ಯದರ್ಶಿ ನನ್ನ ಗಂಡನನ್ನು ಕರೆಸಿ ಕಾರಿನ ಕೀಲಿ ಕೇಳಿದರು. ನಾನು ಬಾಗಿಲ ಹೊರಗೇ ಇದ್ದೆ, ಎಲ್ಲ ಕೇಳಿಸಿತು. ಕಾರ್ಯದರ್ಶಿಯ ಹೆದರಿಕೆ ಬೇರೆಯೇ ಇತ್ತು. "ಆ ಇನ್ನೊಬ್ಬನ ವಿಷಯ? ಅದನ್ನೂ ಹೇಳ್ತೀಯಾ?" ಎಂದರು.

"ಹೇಳಲ್ಲ. ಅವನೂ ಯಾವುದೋ ಕಾರಿನ ಹಿಂದಿನ ಸೀಟಲ್ಲಿ ಕೂತು ಬರೋನೇ. ನಿಮಗೋಸ್ಕರ ಸುಮ್ಮನಿರ್ತೀನಿ ಅಂದ್ಕೋಬೇಡಿ," ಎಂದು ನನ್ನ ಗಂಡ ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದರು.

ನಾಲ್ವರೂ ಬಸ್ಸಿನಲ್ಲಿ ಮನೆಗೆ ಬಂದೆವು. ಆಮೇಲೆ ನನ್ನ ಗಂಡ ಬ್ರೆಡ್ ಕಾರ್ಖಾನೆಯ ವ್ಯಾನ್ ಓಡಿಸತೊಡಗಿದರು. ಹಿಂದಿನ ಸೀಟೇ ಇಲ್ಲದ ಗಾಡಿ. ಕ್ಲಬ್ಬಿನ ಕಾರಿನಿಂದ ಇಳಿಸಿದ್ದಕ್ಕೆ ಬೇಸರವಿಲ್ಲವೇ ಎಂದು ಕೇಳಿದವರಿಗೆ, ಬ್ರೆಡ್ಡಿನ ಫೋಟೊ ಯಾರೂ ತೆಗೆಯಲ್ಲ ಎಂದು ಹೇಳುತ್ತಿದ್ದರು. ಬೇಸರವಿತ್ತು. ಆ ಕಾರು ಎದುರು ಬಂದರೆ ಮುಖ ತಿರುಗಿಸುತ್ತಿದ್ದರು.

ಭಾವನ ವಿಷಯ ಮಾತ್ರ ಇತ್ಯರ್ಥವಾಗಿರಲಿಲ್ಲ. ಕಂಟ್ರಾಕ್ಟರ್ ಬಾ ಎಂದೂ ಅನ್ನಲಿಲ್ಲ, ಬೇಡ ಎಂಬ ಮಾತನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ. ಅಷ್ಟರಲ್ಲಿ ವಿಂಡೋ ತೆರೆಯುವ ದಿನ ಹತ್ತಿರ ಬಂತು. ಒಬ್ಬ ಪತ್ರಕರ್ತ ನಮ್ಮ ಮನೆ ಹುಡುಕಿಕೊಂಡು ಬಂದ. ಈಗ ನೀವು ಕ್ಲಬ್ಬಿನವರಲ್ಲವಲ್ಲ, ಯಾರು ಬರುತ್ತಿದ್ದಾರೆ ಹೇಳಿಬಿಡಿ ಎಂದು ಹಲ್ಲು ಗಿಂಜಿದ.

ನನ್ನ ಗಂಡ ಅವನನ್ನು ಒಳಗೆ ಕರೆದು ಕೂರಿಸಿದರು.

"ಬರೋರ ವಿಷಯ ನನ್ನನ್ನ ಕೇಳಬೇಡ. ಹೋಗದೇ ಇರೋರ ವಿಷಯ ಬರ್ಕೋ. ನಮ್ಮ ಭಾವ ಎಲ್ಲಿಗೂ ಹೋಗ್ತಿಲ್ಲ. ಮಂಗಳವಾರ ಮಂಡಿ ಆಪರೇಷನ್. ಬೇಸಿಗೆ ಹೊತ್ತಿಗೆ ವಾಸಿಯಾಗುತ್ತೆ ಅಂತ ಡಾಕ್ಟ್ರು ಹೇಳಿದ್ದಾರೆ. ಆಮೇಲೆ ಅದೇ ತಂಡದಲ್ಲಿ, ಅದೇ ಜಾಗದಲ್ಲಿ ಕೆಲಸ. ಕಂಟ್ರಾಕ್ಟರ್ ಏನಂತಾರೆ ಅಂತ ಹೋಗಿ ಅವರನ್ನೇ ಕೇಳು."

ಬೇರೆ ಸುದ್ದಿ ಸಿಗದ ಪತ್ರಕರ್ತ ಹೋಗಿ ಕೇಳಿಯೂಬಿಟ್ಟ. ಅವನು ಕೇಳಿದ ಮೇಲೆ ಇನ್ನೂ ನಾಲ್ಕು ಜನ ಫೋನು ಮಾಡಿ ಕೇಳಿದರು. ಪೂರ್ವದ ಗ್ಯಾಲರಿಯವರಂತೂ ಒಬ್ಬ ಆಟಗಾರನನ್ನು ಮಾರುತ್ತಾರೆಂದರೆ ಹೇಗೆ ಎಗರಾಡುತ್ತಾರೋ ಹಾಗೆ ಎಗರಾಡಿದರು, ಅವರನ್ನು ಬಿಡಬೇಡಿ ಎಂದು ಕಂಟ್ರಾಕ್ಟರ್‌ನ ತಲೆ ತಿಂದರು. ಕೊನೆಗೆ ಕಂಟ್ರಾಕ್ಟರ್, ಬಿಡುತ್ತೇವೆ ಎಂದು ಯಾರು ಹೇಳಿದ್ದು, ಅವನ ಜಾಗ ಅವನದೇ ಎಂದು ಹೇಳಬೇಕಾಯಿತು. ಯಾರು ಬಂದರು, ಯಾರು ಹೋದರು ಎಂಬ ಪುಟದಲ್ಲಿ, ದೊಡ್ಡ ದೊಡ್ಡ ಸ್ಟ್ರೈಕರುಗಳ ನಡುವೆ, ಅದು ಅಚ್ಚಾಯಿತು.

ಆಪರೇಷನ್ನಿನ ಹಿಂದಿನ ದಿನ ಆಸ್ಪತ್ರೆಯ ಮಂಚದ ಮೇಲೆ ಕೂತು ಭಾವ ಅದನ್ನು ಎರಡು ಸಲ ಓದಿದರು. ಕಣ್ಣು ತುಂಬಿಕೊಂಡಿತು, ಮರೆಮಾಡಲಿಲ್ಲ. ಪತ್ರಿಕೆಯನ್ನು ನನ್ನ ಗಂಡನ ಕೈಗೆ ಕೊಟ್ಟು ಹೇಳಿದರು:

"ಬರೆದುಬಿಟ್ಟಿದ್ದಾರೆ. ಇನ್ನು ಇಲ್ಲ ಅನ್ನೋಕೆ ಬರಲ್ಲ ಕಂಟ್ರಾಕ್ಟರ್‌ಗೆ."