ಶಾಂತ ಮ್ಯಾನೇಜರ್ ಬಂದ ಮೇಲೆ

ಮ್ಯಾನೇಜರ್ ಎಸೆದ ಬ್ಯಾಟು ನನ್ನ ಕಿವಿಯ ಪಕ್ಕದಲ್ಲೇ ಹಾದು ನೀರಿನ ಡ್ರಮ್ಮಿಗೆ ಬಡಿಯಿತು. ಅಲ್ಲಿಂದ ಪುಟಿದು ನಮ್ಮ ಆಟಗಾರನೊಬ್ಬನ ಮೊಣಕಾಲಿಗೆ ಅಪ್ಪಳಿಸಿತು. ಬ್ರಿಸ್ಬೇನಿನಲ್ಲಿ ನಾವು ಮತ್ತೊಂದು ಪಂದ್ಯ ಸೋತ ಮಧ್ಯಾಹ್ನ ಅದು. ಆಟಗಾರ ನೆಲಕ್ಕೆ ಬಿದ್ದು ಕಾಲು ಹಿಡಿದುಕೊಂಡು ಕಿರುಚುತ್ತಿದ್ದ. ಮ್ಯಾನೇಜರ್ ಅವನನ್ನು ದಾಟಿಕೊಂಡು ಹೋಗಿ ಡ್ರಮ್ಮಿಗೆ ಒಂದು ಒದೆ ಕೊಟ್ಟ.

ನಾನು ಪರ್ತ್‌ನ ಒಂದು ವೃತ್ತಿಪರ ಬೇಸ್‌ಬಾಲ್ ತಂಡದ ಫಿಸಿಯೋಥೆರಪಿಸ್ಟ್ ಆಗಿದ್ದೆ. ಮೈಸೂರಿನಲ್ಲಿ ಕ್ರಿಕೆಟ್ ನೋಡಿಕೊಂಡು ಬೆಳೆದವಳು. ಬ್ರಿಸ್ಬೇನಿನ ಸೇಂಟ್ ಲೂಸಿಯಾದಲ್ಲಿ ಓದುವಾಗ ತರಬೇತಿಗೆಂದು ಒಂದು ಬೇಸ್‌ಬಾಲ್ ಕ್ಲಬ್ಬಿಗೆ ಹಾಕಿದ್ದರು. ಅಲ್ಲಿ ಪಿಚರ್‌ಗಳ ಭುಜಗಳನ್ನು ನೋಡಿಕೊಳ್ಳುವ ಕೆಲಸ ಕೈಗೆ ಹತ್ತಿತು. ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಆದರೆ ಅವನ ಚೆಂಡು ನೆಲಕ್ಕೆ ಬೀಳುವುದಿಲ್ಲ, ಗಾಳಿಯಲ್ಲೇ ನೇರ ಬರುತ್ತದೆ. ಈ ಆಟದಲ್ಲಿ ಮುಖ್ಯ ತರಬೇತುದಾರನನ್ನೇ ಮ್ಯಾನೇಜರ್ ಎನ್ನುತ್ತಾರೆ. ಯಾರು ಆಡಬೇಕು, ಯಾರು ಕೂರಬೇಕು, ಎಲ್ಲವೂ ಅವನ ಮಾತು.

ಆ ಮ್ಯಾನೇಜರನ ಕೈಯಲ್ಲಿ ನಾವೆಲ್ಲ ಎರಡು ವರ್ಷ ನಲುಗಿದ್ದೆವು. ಸೋತಾಗ ಹೆಲ್ಮೆಟ್ಟುಗಳು ಹಾರುತ್ತಿದ್ದವು. ಒಬ್ಬನ ಕಾಲರ್ ಹಿಡಿದು ಗೋಡೆಗೆ ಒತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಬ್ರಿಸ್ಬೇನಿನಲ್ಲಿ ಬ್ಯಾಟು ಬಡಿದವನ ಮೊಣಕಾಲು ಮುರಿದಿತ್ತು. ಅದಾದ ಎರಡೇ ದಿನಕ್ಕೆ ಮಾಲೀಕರು ಅವನನ್ನು ತೆಗೆದುಹಾಕಿದರು.

ಹೊಸ ಮ್ಯಾನೇಜರ್ ಐವತ್ತು ದಾಟಿದವನು, ತೆಳ್ಳಗಿದ್ದ, ಓದುವ ಕನ್ನಡಕ. ದನಿ ಎಷ್ಟು ಸಣ್ಣದೆಂದರೆ ಅವನು ಮಾತಾಡುವಾಗ ಎಲ್ಲರೂ ಮುಂದಕ್ಕೆ ಬಾಗಬೇಕಾಗುತ್ತಿತ್ತು. ಮೊದಲ ದಿನವೇ ನನ್ನ ಹೆಸರನ್ನು ಹೇಗೆ ಹೇಳಬೇಕೆಂದು ಕೇಳಿ, ಮೂರು ಸಲ ಹೇಳಿ ಸರಿ ಮಾಡಿಕೊಂಡ. ಎರಡು ವರ್ಷದಲ್ಲಿ ಹಾಗೆ ಕೇಳಿದ ಮೊದಲ ಮನುಷ್ಯ. ನನಗೆ ಅವನು ಇಷ್ಟವಾಗಿಬಿಟ್ಟ.

ನಾವು ಗೆಲ್ಲತೊಡಗಿದೆವು. ಪರ್ತ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿ ನಮ್ಮ ಪಿಚರ್‌ನ ಚೆಂಡು ಎದುರಾಳಿಯ ತೊಡೆಗೆ ಬಡಿಯಿತು. ಮುಂದಿನ ವಾರ ಇನ್ನೊಬ್ಬನ ಮೊಣಕೈಗೆ. ಚೆಂಡು ಕೈತಪ್ಪುವುದುಂಟು, ಅದು ಆಟದಲ್ಲಿ ಸಹಜ. ಆದರೆ ಮೂರನೆಯವನ ಬೆನ್ನಿಗೆ ಬಿದ್ದಾಗ ನಮ್ಮ ಬೆಂಚಿನಲ್ಲಿ ಯಾರೂ ಆಶ್ಚರ್ಯಪಡಲಿಲ್ಲ. ಎದುರಾಳಿಗಳು ಹೆದರಿ ಹಿಂದೆ ಸರಿದು ನಿಲ್ಲುತ್ತಿದ್ದರು, ನಮ್ಮವರು ಅವರನ್ನು ಸುಲಭವಾಗಿ ಔಟ್ ಮಾಡುತ್ತಿದ್ದರು. ನಾನು ಯಾರನ್ನೂ ಏನೂ ಕೇಳಲಿಲ್ಲ.

ಅಡಿಲೇಡಿಗೆ ಹೋದೆವು. ಉರಿಬಿಸಿಲಿನ ಭಾನುವಾರ. ಅಲ್ಲಿಯ ಎಡಗೈ ಬ್ಯಾಟರ್ ಒಬ್ಬ ಹಿಂದಿನ ದಿನ ನಮ್ಮನ್ನು ಚೆನ್ನಾಗಿ ಚಚ್ಚಿ, ನಮ್ಮ ಬೆಂಚಿನ ಕಡೆ ತಿರುಗಿ ನಕ್ಕಿದ್ದ. ನಾನು ನಮ್ಮ ಪಿಚರ್‌ನ ಭುಜಕ್ಕೆ ಟೇಪ್ ಸುತ್ತುತ್ತಿದ್ದೆ. ಮೂವತ್ತರ ಗಂಡಸು, ಆಟದ ಸಂಬಳ ಸಾಲದೆ ವಾರದ ದಿನಗಳಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಮಾಡುವವನು. ಮ್ಯಾನೇಜರ್ ಬಂದು ಅವನ ಪಕ್ಕ ಕುಳಿತ.

"ಆ ಎಡಗೈಯವ್ನು ತುಂಬ ಮುಂದೆ ಬಾಗಿ ನಿಲ್ತಾನೆ," ಎಂದ. "ಪಕ್ಕೆಲುಬಿಗೆ ಒಂದು ಕೊಡು."

"ಎಷ್ಟು ಜೋರಾಗಿ?"

"ನಿನ್ನ ಕೈಲಿ ಎಷ್ಟಾಗುತ್ತೋ ಅಷ್ಟು."

ನನ್ನ ಬೆರಳಡಿಯಲ್ಲಿ ಪಿಚರ್‌ನ ಭುಜ ಕಲ್ಲಾಯಿತು. ಮ್ಯಾನೇಜರ್ ನನ್ನ ಕಡೆ ನೋಡಿ, ನನ್ನ ಹೆಸರನ್ನು ಸರಿಯಾಗಿ ಉಚ್ಚರಿಸಿ, "ಥ್ಯಾಂಕ್ಸ್" ಅಂದು ಎದ್ದುಹೋದ. ನಾನು ಟೇಪ್ ಕತ್ತರಿಸಿದೆ.

ಪಿಚರ್ ಪಕ್ಕೆಲುಬಿಗೇ ಗುರಿಯಿಟ್ಟಿದ್ದಿರಬೇಕು. ಚೆಂಡು ಬರುವುದನ್ನು ಕಂಡು ಬ್ಯಾಟರ್ ಕೆಳಗೆ ಬಗ್ಗಿದ. ಅದು ಅವನ ದವಡೆಗೆ ಬಡಿದ ಸದ್ದು ತೆಂಗಿನಕಾಯಿ ಒಡೆದಂತೆ ಮೈದಾನದ ತುಂಬ ಕೇಳಿಸಿತು. ಅವನು ಮುಖ ಕೆಳಗಾಗಿ ಬಿದ್ದ. ಕ್ಷಣದಲ್ಲಿ ಎರಡೂ ಬೆಂಚುಗಳು ಖಾಲಿಯಾದವು. ಅಡಿಲೇಡಿನವರು ನಮ್ಮ ಪಿಚರ್‌ನನ್ನು ಕೆಡವಿ ಮೇಲೆ ಬಿದ್ದು ಗುದ್ದಿದರು. ನಮ್ಮವರು ಅವರ ಮೇಲೆ ಬಿದ್ದರು. ಯಾರೋ ಯಾರದೋ ಕತ್ತು ಹಿಡಿದಿದ್ದರು, ಬೂಟಿನ ಮುಳ್ಳುಗಳಿಂದ ತುಳಿಯುತ್ತಿದ್ದರು.

ನಾನು ನನ್ನ ಚೀಲ ಹಿಡಿದು ಬಿದ್ದವನ ಹತ್ತಿರ ಓಡಿದೆ. ದಾರಿಯಲ್ಲಿ ಯಾರದೋ ಮೊಣಕೈ ನನ್ನ ಹುಬ್ಬಿಗೆ ತಗುಲಿ ಚರ್ಮ ಸೀಳಿತು. ಬ್ಯಾಟರ್‌ನ ಕೆಳದವಡೆ ಒಂದು ಕಡೆಗೆ ಜೋತಿತ್ತು. ಅವರ ತಂಡದ ಫಿಸಿಯೋ ಅವನ ಕತ್ತು ಅಲುಗದಂತೆ ಹಿಡಿದುಕೊಂಡ, ಇಬ್ಬರೂ ಸೇರಿ ಪಕ್ಕಕ್ಕೆ ಹೊರಳಿಸಿದೆವು. ನಾನು ಅವನ ಬಾಯೊಳಗೆ ಬೆರಳು ಹಾಕಿ ರಕ್ತ, ಮುರಿದ ಹಲ್ಲುಗಳನ್ನು ಹೊರತೆಗೆದೆ, ಇಲ್ಲದಿದ್ದರೆ ಉಸಿರುಗಟ್ಟುತ್ತಿತ್ತು. ಅವನು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದ. ನನ್ನ ಹುಬ್ಬಿನ ರಕ್ತ ಅವನ ಕೆನ್ನೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಆ ಪಂದ್ಯವನ್ನೂ ನಾವೇ ಗೆದ್ದೆವು.

ಸಂಜೆ ಹೋಟೆಲಿಗೆ ನನ್ನ ಗಂಡನ ಫೋನ್ ಬಂತು. ಅವರು ಗಣಿಯಲ್ಲಿ ಜಿಯಾಲಜಿಸ್ಟ್. ಎರಡು ವಾರ ಅಲ್ಲಿ, ಒಂದು ವಾರ ಮನೆ.

"ಫೋನಲ್ಲಿ ವಿಡಿಯೋ ನೋಡ್ದೆ ಕಣೇ. ಹಣೆಗೆ ಏನಾಯ್ತು?"

"ನಾಲ್ಕು ಹೊಲಿಗೆ. ಅದು ಬಿಡಿ. ನಂಗೆ ಗೊತ್ತಿತ್ತು ಕಣ್ರೀ."

"ಏನು ಗೊತ್ತಿತ್ತು?"

"ಅವನಿಗೆ ಹೊಡೀತಾರೆ ಅಂತ. ಮ್ಯಾನೇಜರ್ ನನ್ನ ಮುಂದೇನೇ ಹೇಳಿದ್ರು. ನಾನು ಸುಮ್ನೆ ಇದ್ಬಿಟ್ಟೆ."

"ಹೇಳ್ಬಿಡು," ಎಂದರು. "ಯಾರು ಕೇಳ್ತಾರೋ ಅವ್ರಿಗೆ ಹೇಳ್ಬಿಡು."

"ಕೆಲ್ಸ ಹೋಗುತ್ತೆ."

"ಹೋಗ್ಲಿ. ಈ ಕೆಲ್ಸ ಮಾಡ್ಕೊಂಡು ನೀನು ಹೆಂಗೆ ಇರ್ತೀಯ?"

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗಲು ಹೊರಟಾಗ ಹೋಟೆಲಿನ ಬಾಗಿಲಲ್ಲಿ ಪಿಚರ್ ನಿಂತಿದ್ದ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. "ನಾನೂ ಬರ್ತೀನಿ" ಎಂದ. ಬ್ಯಾಟರ್‌ನ ದವಡೆಗೆ ಪ್ಲೇಟು ಕೂರಿಸಿ, ತಂತಿ ಬಿಗಿದಿದ್ದರು. ಹಾಸಿಗೆಯ ಪಕ್ಕ ಕುಳಿತಿದ್ದ ಅವನ ಹೆಂಡತಿ ಎದ್ದು ಬಂದು ಪಿಚರ್‌ನ ಕೆನ್ನೆಗೆ ಬಾರಿಸಿದಳು. ಊದಿದ ಕಡೆಗೇ. ಅವನು ಕದಲಲಿಲ್ಲ. ಬ್ಯಾಟರ್ ಕೈಯೆತ್ತಿ ಅವಳನ್ನು ತಡೆದು, ಫೋನಿನಲ್ಲಿ ಏನೋ ಟೈಪ್ ಮಾಡಿ ತೋರಿಸಿದ. 'ನಿಮ್ಮ ಮ್ಯಾನೇಜರ್ ಹೇಳಿದ್ದಾ?'

ಪಿಚರ್ ಹೌದೆಂದು ತಲೆಯಾಡಿಸಿದ. ಗೋಡೆಗೆ ಒರಗಿ ನಿಂತು, ಗಾಯಗೊಂಡ ಪ್ರಾಣಿಯ ಹಾಗೆ ಅತ್ತ.

ಲೀಗಿನವರು ವಿಚಾರಣೆ ನಡೆಸಿದರು. ಪಿಚರ್ ಎಲ್ಲವನ್ನೂ ಒಪ್ಪಿಕೊಂಡ. ಮ್ಯಾನೇಜರ್ ಅದೇ ಸಣ್ಣ ದನಿಯಲ್ಲಿ, ತಾನು ಹಾಗೆ ಹೇಳಿಯೇ ಇಲ್ಲ ಎಂದ. ಆಮೇಲೆ ನನ್ನನ್ನು ಕರೆದರು.

"ಆ ಮಾತನ್ನ ನೀವು ಕೇಳಿಸಿಕೊಂಡದ್ದು ಚೆಂಡು ಎಸೆಯೋಕೆ ಮುಂಚೆನಾ?"

"ಮುಂಚೆ."

"ಯಾರಿಗಾದ್ರೂ ಹೇಳೋಕೆ ಸಮಯ ಇತ್ತಾ?"

"ಇತ್ತು."

ಮ್ಯಾನೇಜರನನ್ನು ತೆಗೆದುಹಾಕಿದರು. ಪಿಚರ್‌ಗೆ ಆ ಸೀಸನ್ ಪೂರ್ತಿ ನಿಷೇಧ, ಅವನು ಮತ್ತೆಂದೂ ಚೆಂಡು ಹಿಡಿಯಲಿಲ್ಲ. ಮುಂದಿನ ಸೋಮವಾರ ಕೆಲಸಕ್ಕೆ ಹೋದಾಗ ನನ್ನ ಚಿಕಿತ್ಸೆಯ ಮೇಜಿನ ನಾಲ್ಕೂ ಕಾಲು ಮುರಿದಿದ್ದವು. ಹಾಸಿನ ಮೇಲೆ ಬ್ಯಾಟಿನಿಂದ ಬಡಿದ ಗುರುತುಗಳು. ಯಾರು ಮಾಡಿದ್ದೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಚೀಲ ತುಂಬಿಕೊಂಡು ಬಂದುಬಿಟ್ಟೆ. ಈಗ ಪರ್ತ್‌ನ ಹೊರವಲಯದ ಸದರ್ನ್ ರಿವರ್‌ನ ಒಂದು ಕ್ಲಿನಿಕ್ಕಿನಲ್ಲಿ ಬೆನ್ನುನೋವಿನ ಅಂಕಲ್, ಆಂಟಿಯರನ್ನು ನೋಡುತ್ತೇನೆ.

ಮುಂದಿನ ಬೇಸಿಗೆಯಲ್ಲಿ ಅಡಿಲೇಡ್ ತಂಡ ಪರ್ತ್‌ಗೆ ಬಂದಾಗ ಗಂಡನ ಜೊತೆ ಟಿಕೆಟ್ ಕೊಂಡು ಹೋದೆ. ದವಡೆ ಮುರಿದಿದ್ದ ಆ ಬ್ಯಾಟರ್ ಆಡಲು ಬಂದ. ಹೆಲ್ಮೆಟ್ಟಿನಿಂದ ದವಡೆಯವರೆಗೆ ದಪ್ಪ ರಕ್ಷಾಕವಚ. ಮೊದಲ ಚೆಂಡು ಅವನಿಂದ ಬಹಳ ದೂರದಲ್ಲೇ ಹೋಯಿತು, ಆದರೂ ಬ್ಯಾಟು ಬಿಟ್ಟು ನೆಲಕ್ಕೆ ಬಿದ್ದ. ನಮ್ಮ ಹಿಂದಿನ ಸಾಲಿನಲ್ಲಿ ಕೆಲವರು ಗಹಗಹಿಸಿ ನಕ್ಕರು. ನಾನು ತಿರುಗಿ ಅವರನ್ನು ನೋಡಿದೆ. ನನ್ನ ಮುಷ್ಟಿ ಬಿಗಿದಿತ್ತು. ಗಂಡ ನನ್ನ ತೋಳು ಹಿಡಿದು ಹೊರಗೆ ಕರೆದುಕೊಂಡು ಬಂದರು.