ಎಮ್ಮೆ ಎಬ್ಬಿಸಿದ ಅಲೆ

ಸ್ನೇಹಿತರೇ, ಬಣಕಲ್ ಹತ್ತಿರದ ನಮ್ಮ ಎಸ್ಟೇಟಿನಲ್ಲಿ ನಾನು ನಡೆಸುವ ಕನ್ನಡ ಕಲಿಕೆಯ ರಜಾ ಶಾಲೆಗೆ ಇವತ್ತು ಬೆಳಿಗ್ಗೆ ಸ್ಪೇನ್ ದೇಶದ ಮಾರ್ತಾ ಬಂದಿಳಿದರು. ಟ್ಯಾಕ್ಸಿಯ ಮೇಲೆ, ಸಮುದ್ರದ ಅಲೆಗಳ ಮೇಲೆ ನಿಂತು ಜಾರುವ ಆಳೆತ್ತರದ ಸರ್ಫಿಂಗ್ ಹಲಗೆ.

ಅಡುಗೆಯ ಸರೋಜಕ್ಕ ಅದನ್ನು ನೋಡಿ, "ಇಸ್ತ್ರಿ ಮೇಜು ನಮ್ಮಲ್ಲೇ ಇತ್ತಲ್ಲ, ಪಾಪ, ಅಲ್ಲಿಂದ ಹೊತ್ಕೊಂಡು ಬಂದಿದಾರೆ" ಎಂದರು.

ಮಾರ್ತಾ ಸುತ್ತಲಿನ ಕಾಫಿ ಗಿಡಗಳನ್ನು ನೋಡಿ, "ಸಮುದ್ರ ಎಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ತಪ್ಪು ನನ್ನದೇ. ಬೆಟ್ಟಗಳು ಅಲೆಯಲೆಯಾಗಿ ಕಾಣುತ್ತವೆಂದು ವೆಬ್‌ಸೈಟಿನಲ್ಲಿ 'ಅಲೆಗಳ ನಡುವೆ ಕನ್ನಡ ಕಲಿಯಿರಿ' ಎಂದು ಬರೆದಿದ್ದೆ. ಅವರು ಟ್ಯಾಕ್ಸಿಯಿಂದ ಪೆಟ್ಟಿಗೆ ಇಳಿಸಲೇ ಇಲ್ಲ.

ಆಗ ತೋಟದ ಆಳುಗಳ ಮೇಸ್ತ್ರಿ ಮಂಜಪ್ಪನವರು, "ಕೆರೆ ಇದೆಯಲ್ಲ ಸರ್. ಎಮ್ಮೆ ಇಳಿದಾಗ ಅಲೆ ಬರ್ತದೆ ಅಂತ ಹೇಳಿ ಅವ್ರಿಗೆ" ಎಂದರು. ನಾಚಿಕೊಂಡೇ ಇಂಗ್ಲಿಷಿನಲ್ಲಿ ಹೇಳಿದೆ.

ಮಧ್ಯಾಹ್ನ ಆರು ಎಮ್ಮೆಗಳು ಒಟ್ಟಿಗೆ ಕೆರೆಗೆ ನುಗ್ಗಿದವು. ಮಾರ್ತಾ ಹಲಗೆಯ ಮೇಲೆ ಎದ್ದು ನಿಂತು, ಎರಡು ಕ್ಷಣ ತೇಲಿ, ಕೆಸರಿಗೆ ಬಿದ್ದು, ನಗುತ್ತಲೇ ಎದ್ದರು. ಪೆಟ್ಟಿಗೆ ಮನೆಯೊಳಗೆ ಬಂತು.

ಸಂಜೆಯ ಪಾಠವನ್ನು ನಾನು 'ನನ್ನ ಹೆಸರು' ಎಂದು ಶುರು ಮಾಡಿದೆ. ಮಾರ್ತಾ ನನ್ನನ್ನು ತಡೆದು, ಮಂಜಪ್ಪನವರು ಕೆರೆ ದಂಡೆಯಲ್ಲಿ ಹೇಳಿಕೊಟ್ಟದ್ದನ್ನು ಒಪ್ಪಿಸಿದರು: "ನಾಳೆ ಎಮ್ಮೆ ಎಷ್ಟು ಗಂಟೆಗೆ?"

ಮೊದಲ ದಿನವೇ ಇಡೀ ವಾಕ್ಯ ಹೇಳಿದ ವಿದ್ಯಾರ್ಥಿ ನಮ್ಮ ಶಾಲೆಯಲ್ಲಿ ಇವರೊಬ್ಬರೇ. ಮೇಷ್ಟ್ರು ಮಾತ್ರ ನಾನಲ್ಲ.