ರಿಮ್ಮಾ ಬಳಿದ ಹಾಳೆ

ವೋಲ್ಗಾ ನದಿಯ ದಂಡೆಯ ವಿಜ್ಞಾನಿಗಳ ಊರೊಂದರಲ್ಲಿ ರಿಮ್ಮಾ ಸವೆಲ್ಯೆವ್ನಾಗೆ ಯಾವ ಪದವಿಯೂ ಇರಲಿಲ್ಲ. ಆದರೂ ಲೋಕದಲ್ಲೆಲ್ಲೂ ಇಲ್ಲದ ಧಾತುಗಳನ್ನು ಹುಟ್ಟಿಸಲು ಬೇಕಾದ ಲೋಹದ ಹಾಳೆಗಳು ಮೂವತ್ತೊಂದು ವರ್ಷಗಳಿಂದ ಅವಳ ಕೈಯಲ್ಲೇ ತಯಾರಾಗುತ್ತಿದ್ದವು. ಕೂದಲಿಗಿಂತ ತೆಳುವಾದ ಹಾಳೆ. ಅದರ ಮೇಲೆ ವಿಕಿರಣ ಸೂಸುವ ವಸ್ತುವಿನ ಲೇಪ. ಕಣಗಳ ವೇಗ ಹೆಚ್ಚಿಸುವ ದೊಡ್ಡ ಯಂತ್ರದಲ್ಲಿ ಅದಕ್ಕೆ ತಿಂಗಳುಗಟ್ಟಲೆ ಕ್ಯಾಲ್ಸಿಯಂ ಕಣಗಳನ್ನು ಅಪ್ಪಳಿಸಿದರೆ, ಎಂದೋ ಒಮ್ಮೆ ಎರಡು ಪರಮಾಣುಗಳು ಬೆಸೆದು ಹೊಸದೊಂದು ಹುಟ್ಟುತ್ತಿತ್ತು.

ಆ ಚಳಿಗಾಲ ಬಂದ ವಸ್ತು ಎರಡು ವರ್ಷ ಕಾದು ಪಡೆದದ್ದು. ಚಿಟಿಕೆಯಷ್ಟೂ ಇರಲಿಲ್ಲ. ಹತ್ತೇ ತಿಂಗಳಲ್ಲಿ ಅದರ ಅರ್ಧ ತಾನಾಗಿ ನಶಿಸಿಹೋಗುತ್ತಿತ್ತು. ಅಂಥದ್ದರಲ್ಲಿ ಆರನೆಯ ಹಾಳೆಯ ಲೇಪದಲ್ಲಿ ರಿಮ್ಮಾಗೆ ಸಣ್ಣದೊಂದು ಬಿರುಕು ಕಂಡಿತು.

"ಗ್ಲೆಬ್, ಇದನ್ನ ತೊಳೆದು ಮತ್ತೆ ಬಳೀಬೇಕು," ಎಂದಳು. ತಂಡದ ಮುಖ್ಯಸ್ಥ ಗ್ಲೆಬ್ ಅರ್ಕಾದ್ಯೆವಿಚ್‌ನನ್ನು ಅವನು ವಿದ್ಯಾರ್ಥಿಯಾಗಿದ್ದಾಗಿನಿಂದ ಬಲ್ಲವಳು ಅವಳು.

"ಸೋಮವಾರ ಯಂತ್ರ ಶುರುವಾಗ್ಬೇಕು, ರಿಮ್ಮಾ ಸವೆಲ್ಯೆವ್ನಾ! ತೊಳೆಯೋವಾಗ ವಸ್ತುನೇ ಕಳೆದುಹೋದ್ರೆ? ಅದೂ ಅಲ್ದೆ..." ಅವನ ಕಣ್ಣು ಅವಳ ಬೆರಳುಗಳತ್ತ ಹೋಯಿತು. ಕಳೆದ ವರ್ಷದಿಂದ ಅವು ಸಣ್ಣಗೆ ನಡುಗುತ್ತಿದ್ದವು.

"ನೋಡು, ನನ್ನ ಕೈ ಚೆನ್ನಾಗಿ ನೋಡು. ಬಿರುಕಿರೋ ಹಾಳೆ ಯಂತ್ರದೊಳಗೆ ಸುಟ್ಟುಹೋದ್ಮೇಲೆ ಯಾರ ಕೈ ನೋಡ್ತೀಯ? ನಾನಂತೂ ಇದಕ್ಕೆ ಸಹಿ ಹಾಕಲ್ಲ."

ಗ್ಲೆಬ್ ಗೊಣಗುತ್ತಲೇ ಮೂರು ದಿನ ಕೊಟ್ಟ.

ರಿಮ್ಮಾ ಮುಚ್ಚಿದ ಗಾಜಿನ ಪೆಟ್ಟಿಗೆಗೆ ಜೋಡಿಸಿದ್ದ ರಬ್ಬರ್ ಕೈಗವಸುಗಳೊಳಗೆ ಕೈ ತೂರಿಸಿ, ಮೊಣಕೈಗಳನ್ನು ಅಂಚಿಗೆ ಒತ್ತಿ ನಿಂತಳು. ಲೇಪವನ್ನು ಆಮ್ಲದಲ್ಲಿ ಕರಗಿಸಿ, ಹನಿಯೂ ಪೋಲಾಗದಂತೆ ಸೋಸಿ, ಶುದ್ಧಿ ಮಾಡಿ, ಹಾಳೆಗೆ ಮತ್ತೆ ಬಳಿದಳು. ನಡುಕ ಬಂದಾಗ ನಿಲ್ಲಿಸುವಳು, ಹೋದಾಗ ಮುಂದುವರಿಸುವಳು. ಎರಡನೆಯ ದಿನದ ಲೇಪವೂ ಸಮನಾಗಲಿಲ್ಲ. ಅದನ್ನೂ ತೊಳೆದಳು. ಊಟವೆಂದರೆ ಕಪ್ಪು ಬ್ರೆಡ್ಡು, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ. ಮೂರನೆಯ ಸಂಜೆ ಹೊಸ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ಇಂಚಿಂಚೂ ನೋಡಿ ಸಹಿ ಹಾಕಿದಳು.

ಯಂತ್ರ ಎಪ್ಪತ್ತು ದಿನ ಓಡಿತು. ಮೇ ತಿಂಗಳಲ್ಲಿ ರಿಮ್ಮಾ ತನ್ನ ತೋಟದಲ್ಲಿ ಆಲೂಗಡ್ಡೆ ನೆಡುತ್ತಿದ್ದಾಗ ಗ್ಲೆಬ್ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಬಂದ.

"ಹುಟ್ತು!"

"ಎಷ್ಟು?"

"ಒಂದೇ ಪರಮಾಣು. ಕಣ್ಣು ಮಿಟುಕಿಸೋದ್ರೊಳಗೆ ಒಡೆದೂ ಹೋಯ್ತು. ಆದ್ರೆ ಒಡೆದ ಗುರುತು ಪಕ್ಕಾ ಸಿಕ್ಕಿದೆ."

ರಿಮ್ಮಾ ಮಣ್ಣಾದ ಕೈಯಲ್ಲೇ ಅವನ ಎರಡೂ ಕೆನ್ನೆ ಹಿಡಿದು ಮುತ್ತಿಟ್ಟಳು.

"ಪ್ರಬಂಧದಲ್ಲಿ ನಿಮ್ಮ ಹೆಸರೂ ಹಾಕ್ತೀವಿ," ಎಂದ ಗ್ಲೆಬ್.

"ಹಾಕದೆ ಇನ್ನೇನು! ಕಾಗುಣಿತ ನಾನೇ ನೋಡ್ತೀನಿ, ಕಳಿಸೋಕೆ ಮುಂಚೆ ತೋರಿಸು," ಎಂದು ಅವನ ಕೈಗೆ ಗುದ್ದಲಿ ಕೊಟ್ಟಳು. "ಈಗ ಆ ಸಾಲು ಅಗಿ."